ವಿಳಾಸದ ಪುಸ್ತಕ ಹಿಡಿದು ನಾವಿಬ್ಬರು ಮಾಡಿದ ಪ್ರವಾಸಗಳು

2018ರಲ್ಲಿ ಮಗಳ ಮದುವೆಯ ಕರೆಯೋಲೆ ಹಂಚುವಾಗ ನಾನು ಇನ್ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿ ಎರಡೂ ಮನೆತನದ ಬಂಧುಗಳ ಮತ್ತು ಗೆಳೆಯರ ವಿಳಾಸಗಳನ್ನು ಊರುಗಳ ಪ್ರಕಾರ ಬರೆದಿಟ್ಟಿದ್ದೆ. ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆಯವರು ಮೊದಲ ಭಾಗದಲ್ಲಿ. ಹಾಸನ, ಅರಸೀಕೆರೆಯವರು ಎರಡನೆಯದರಲ್ಲಿ. ಉಡುಪಿ, ಮಂಗಳೂರಿನವರು ಕೊನೆಯಲ್ಲಿ. ಮದುವೆ ಮುಗಿದು ಪುಸ್ತಕ ಬೀರುವಿನ ಮೇಲಿನ ಖಾನೆ ಸೇರಿತು. ಮುಂದಿನ ವರ್ಷ ನಾನು ಬ್ಯಾಂಕಿನ ಕೆಲಸದಿಂದ, ನಮ್ಮವರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದೆವು. ಬಸವನಗುಡಿಯ ಮನೆಯಲ್ಲಿ ನಾವಿಬ್ಬರೇ ಉಳಿದಾಗ, ಇಷ್ಟು ವರ್ಷ ಮುಂದಕ್ಕೆ ತಳ್ಳಿದ ಪ್ರವಾಸಗಳನ್ನು ಈಗಲಾದರೂ ಮಾಡೋಣ ಎಂದು ನಿಶ್ಚಯಿಸಿದೆವು.

ಮೊದಲ ಪ್ರವಾಸವನ್ನು ನಾವು ಸರಿಯಾಗಿ ಮಾಡಲಿಲ್ಲ. ದಸರಾ ರಜೆಯಲ್ಲಿ ಬಾಡಿಗೆ ಕಾರು ಮಾಡಿಕೊಂಡು ನಾಲ್ಕು ದಿನಗಳಲ್ಲಿ ಚಿತ್ರದುರ್ಗ, ಹಂಪಿ, ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲನ್ನು ಮುಗಿಸಿ, ಹಿಂದಿರುಗುವಾಗ ಧಾರವಾಡದಲ್ಲಿ ನಮ್ಮವರ ಮೌಶಿಯ ಮನೆಯಲ್ಲಿ ಒಂದು ರಾತ್ರಿ ತಂಗುವುದೆಂದು ಗೊತ್ತುಮಾಡಿದ್ದೆವು. ತಾಯಿಯ ತಂಗಿಯನ್ನು ಆ ಕಡೆ ಮೌಶಿ ಎನ್ನುತ್ತಾರೆ. ತಾಯಿ ತೀರಿಕೊಂಡ ಮೇಲೆ ನಮ್ಮವರಿಗೆ ತಾಯಿಯ ಸ್ಥಾನದಲ್ಲಿ ನಿಂತವರು ಅವರೇ. ಸಂಜೆ 6 ಗಂಟೆಗೆ ಬರುತ್ತೇವೆಂದು ಹೇಳಿದ್ದ ನಾವು ತಲುಪಿದಾಗ ರಾತ್ರಿ ಹತ್ತೂವರೆಯಾಗಿತ್ತು. ಮೌಶಿ ಊಟ ಮಾಡದೆ ಕಾದಿದ್ದರು. ನಾವು ದಾರಿಯಲ್ಲಿ ಡಾಬಾದಲ್ಲಿ ಊಟ ಮುಗಿಸಿದ್ದೆವು. ಬೆಳಿಗ್ಗೆ 8 ಗಂಟೆಗೆ ಹೊರಡಲು ಚೀಲ ಎತ್ತಿಕೊಂಡಾಗ ಅವರು ಬಾಗಿಲ ಬಳಿ ನಿಂತು, "ನೀವು ನನ್ನ ನೋಡ್ಲಿಕ್ಕೆ ಬಂದೀರೋ, ಬರೇ ಮಲಗಿ ಎದ್ದು ಹೋಗ್ಲಿಕ್ಕೆ ಬಂದೀರೋ?" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೆಂಗಳೂರು ತಲುಪುವವರೆಗೆ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಆ ಮೇಲೆ ಬಂದ ಎರಡು ವರ್ಷ ಕೊರೋನಾದಿಂದಾಗಿ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. 2021ರ ಕೊನೆಯಲ್ಲಿ ಬೀರುವಿನಿಂದ ವಿಳಾಸದ ಪುಸ್ತಕವನ್ನು ಕೆಳಗಿಳಿಸಿ ಓದಿದಾಗ ಏಳು ಹೆಸರುಗಳ ಮೇಲೆ ಗೆರೆ ಎಳೆಯಬೇಕಾಯಿತು. ಉಳಿದವರಲ್ಲಿ ಅರ್ಧದಷ್ಟು ಜನರನ್ನು ನಾವು ಮದುವೆ ಮುಂಜಿಗಳ ಚಪ್ಪರದಲ್ಲಿ ಬಿಟ್ಟರೆ ಅವರವರ ಮನೆಯಲ್ಲಿ ಕೂತು ಮಾತನಾಡಿಸಿಯೇ ಇರಲಿಲ್ಲ. ಅಂದು ಸಂಜೆ ನಮ್ಮವರು ಒಂದು ಮಾತು ಹೇಳಿದರು: ಇನ್ನು ಮುಂದೆ ಯಾವ ಊರು ನೋಡಬೇಕೆಂದು ನಕ್ಷೆ ಹಿಡಿದು ಯೋಚಿಸುವುದು ಬೇಡ, ಯಾರನ್ನು ನೋಡಬೇಕೆಂದು ಈ ಪುಸ್ತಕ ಹಿಡಿದು ಯೋಚಿಸೋಣ, ಅಲ್ಲಿ ಏನು ನೋಡಬೇಕು, ಏನು ತಿನ್ನಬೇಕು ಎಂಬುದನ್ನು ಅವರನ್ನೇ ಕೇಳೋಣ. ನಮ್ಮ ಮುಂದಿನ ಎಲ್ಲ ಪ್ರವಾಸಗಳೂ ಈ ಒಂದು ಮಾತಿನ ಮೇಲೆ ನಿಂತಿವೆ. ಅದನ್ನು ಕಾರ್ಯರೂಪಕ್ಕೆ ತರುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಲಿತದ್ದು ದೂರವಾಣಿಯಲ್ಲಿ ಕೇಳುವ ರೀತಿ. "ನಾವು ಬರಬಹುದೇ?" ಎಂದು ಕೇಳಿದರೆ ನಮ್ಮ ಜನರಲ್ಲಿ ಯಾರೂ ಬೇಡ ಎನ್ನುವುದಿಲ್ಲ; ಮನೆಯಲ್ಲಿ ಎಂಥ ತೊಂದರೆ ಇದ್ದರೂ "ಅವಶ್ಯ ಬನ್ನಿ" ಎಂದೇ ಹೇಳುತ್ತಾರೆ. ಆದ್ದರಿಂದ ನಾನು ಹೊರಡುವ ಎರಡು ತಿಂಗಳ ಮೊದಲೇ ಸುಮ್ಮನೆ ಕ್ಷೇಮಸಮಾಚಾರಕ್ಕೆಂದು ಮಾತನಾಡಿ, ಮಕ್ಕಳ ಪರೀಕ್ಷೆ ಯಾವಾಗ, ಯಾರದಾದರೂ ಆಸ್ಪತ್ರೆಯ ಓಡಾಟ ಇದೆಯೇ, ಬೇರೆ ನೆಂಟರು ಬರುವವರಿದ್ದಾರೆಯೇ ಎಂಬುದನ್ನು ತಿಳಿದುಕೊಳ್ಳುತ್ತೇನೆ. ಈ ಮೂರೂ ಇಲ್ಲದ ವಾರವನ್ನು ನಾವೇ ಹುಡುಕಿ, "ಇಂಥ ದಿನ ಮಧ್ಯಾಹ್ನ ಬಂದು, ಮೂರನೆಯ ದಿನ ಬೆಳಿಗ್ಗೆ ಹೊರಡುತ್ತೇವೆ" ಎಂದು ಬರುವ ಮತ್ತು ಹೋಗುವ ಎರಡೂ ಹೊತ್ತನ್ನು ಒಟ್ಟಿಗೆ ಹೇಳುತ್ತೇವೆ. ಹೊರಡುವ ದಿನ ಮೊದಲೇ ಗೊತ್ತಿದ್ದರೆ ಮನೆಯಾಕೆಗೆ ಎಷ್ಟು ನೆಮ್ಮದಿ ಎಂಬುದು ನಮ್ಮ ಮನೆಗೆ ನೆಂಟರು ಬಂದಾಗಲೆಲ್ಲ ನಾನೇ ಅನುಭವಿಸಿದ್ದು. ಒಬ್ಬರ ಮನೆಯಲ್ಲಿ ಎರಡು ರಾತ್ರಿಗಿಂತ ಹೆಚ್ಚು ಇರುವುದಿಲ್ಲ. ಉಳಿದ ರಾತ್ರಿಗಳಿಗೆ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳು ನಮಗೆ ಹೊಂದಿಕೆಯಾಗಿವೆ. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಬೇಲೂರಿನಲ್ಲಿ ಮಯೂರ ವೇಲಾಪುರಿ ಇವೆ.

ತಲುಪುವ ಹೊತ್ತಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಬೆಂಗಳೂರಿನಿಂದ ಧಾರವಾಡಕ್ಕೆ ರಾತ್ರಿ ರೈಲಿನಲ್ಲಿ ಹೋದರೆ ಸಮಯ ಉಳಿಯುತ್ತದೆ, ನಿಜ. ಆದರೆ ನಸುಕಿನಲ್ಲೋ ಮುಂಜಾನೆಯಲ್ಲೋ ನಾವು ಹೋಗಿ ನಿಂತರೆ ಮನೆಯವರು ನಮಗಾಗಿ ಬೇಗ ಎದ್ದು, ಸ್ನಾನಕ್ಕೆ ನೀರು ಕಾಯಿಸಿ, ಅವರವರ ಕೆಲಸದ ಗಡಿಬಿಡಿಯ ನಡುವೆ ತಿಂಡಿ ಮಾಡಬೇಕು. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಆರಂಭವಾದ ಮೇಲೆ ನಾವು ಬೆಳಿಗ್ಗೆ ಇಲ್ಲಿ ಹೊರಟು ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿರುತ್ತೇವೆ. ಆ ವೇಳೆಗೆ ಮನೆಯ ಬೆಳಗಿನ ಓಡಾಟ ಮುಗಿದು ಎಲ್ಲರೂ ನಿರಾಳವಾಗಿರುತ್ತಾರೆ. ಟಿಕೆಟ್ ದರ ಹೆಚ್ಚು, ಆದರೆ ಅದನ್ನು ಬೇರೆ ಕಡೆ ಸರಿದೂಗಿಸುತ್ತೇವೆ. ಹಿರಿಯ ನಾಗರಿಕರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚ್‌ನಿಂದ ಇಲ್ಲ. ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಾತ್ರ 60 ದಾಟಿದವರಿಗೆ ಶೇಕಡಾ 25ರ ರಿಯಾಯಿತಿ ನಮ್ಮವರಿಗೆ ಸಿಗುತ್ತದೆ, 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ನನಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ದೊರೆಯುತ್ತದೆ. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ದೂರದ ಊರಿಗೆ ರೈಲು, ಅಲ್ಲಿಂದ ಸುತ್ತಮುತ್ತ ವೇಗದೂತ ಬಸ್ಸು ಎಂಬುದು ನಮ್ಮ ಕ್ರಮ. ಕಾರು ಬಾಡಿಗೆಗೆ ಹಿಡಿಯುವುದನ್ನು ಬಿಟ್ಟೇಬಿಟ್ಟೆವು. ಬಾಡಿಗೆಯ ಕಾರು ಬಾಗಿಲಲ್ಲಿ ನಿಂತಿದ್ದರೆ ಇನ್ನೊಂದು ಜಾಗ ನೋಡಿಬಿಡೋಣ ಎಂಬ ಆತುರ ತಾನಾಗಿಯೇ ಹುಟ್ಟುತ್ತದೆ.

ನಾವಿಬ್ಬರೂ ಒಂದೇ ಬಗೆಯ ಪ್ರವಾಸಿಗರಲ್ಲ. ಒಂದು ಕಂಬದ ಮುಂದೆ ನಮ್ಮವರು ಅರ್ಧ ಗಂಟೆ ನಿಲ್ಲಬಲ್ಲರು. ನನಗೆ ಆ ಊರಿನ ಸಂತೆ, ಅಲ್ಲಿ ಸಿಗುವ ಸೊಪ್ಪು, ಅಡುಗೆಮನೆಯ ಮಾತು ಬೇಕು. ಮೊದಮೊದಲು ಇದರಿಂದ ಇಬ್ಬರಿಗೂ ಬೇಸರವಾಗುತ್ತಿತ್ತು. ಈಗ ಬೆಳಗಿನ ಹೊತ್ತು ಅವರದು, ಸಂಜೆ ನನ್ನದು. ಬೆಳಿಗ್ಗೆ ಒಂದೇ ಒಂದು ಜಾಗವನ್ನು ಅವರಿಗೆ ತೃಪ್ತಿಯಾಗುವಷ್ಟು ನೋಡುತ್ತೇವೆ, ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ವಿಶ್ರಾಂತಿ, ಸಂಜೆ ಮನೆಯವರ ಜೊತೆ ಮಾರುಕಟ್ಟೆಗೋ ಕೆರೆಯ ದಂಡೆಗೋ ಹೋಗುತ್ತೇವೆ. ದಿನಕ್ಕೊಂದೇ ಜಾಗ ಎಂಬ ಕಟ್ಟುಪಾಡನ್ನು ನಾವು ಮುರಿದದ್ದು ಒಮ್ಮೆ ಮಾತ್ರ, ಅದರ ಫಲವನ್ನು ಮುಂದೆ ಹೇಳುತ್ತೇನೆ.

2024ರ ಜನವರಿಯ ಧಾರವಾಡದ ಪ್ರವಾಸ ನಮ್ಮ ಎಲ್ಲ ಪ್ರವಾಸಗಳಲ್ಲಿ ತುಂಬಾ ಚೆನ್ನಾಗಿ ನಡೆದದ್ದು. ಮೌಶಿಗೆ ಆಗ 83 ವರ್ಷ. ಏನು ತರಲಿ ಎಂದು ಕೇಳಿದರೆ ಏನೂ ಬೇಡವೆನ್ನುತ್ತಾರೆಂದು ಗೊತ್ತಿದ್ದರಿಂದ, ಬೆಂಗಳೂರಿನಲ್ಲಿ ಆ ಹೊತ್ತಿಗೆ ಯಾವುದು ಚೆನ್ನಾಗಿದೆಯೋ ಅದನ್ನೇ ಒಯ್ಯಬೇಕೆಂದು ತೀರ್ಮಾನಿಸಿದೆ. ಜನವರಿಯೆಂದರೆ ಸೊಗಡಿನ ಅವರೆಕಾಯಿಯ ಕಾಲ. ಗಾಂಧಿಬಜಾರಿನಿಂದ ನಾಲ್ಕು ಕಿಲೋ ಕಾಯಿ ತಂದು, ಇಬ್ಬರೂ ಕೂತು ಬಿಡಿಸಿ, ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರುದಿನ ಒಂದೊಂದಾಗಿ ಹಿತಕಿದೆವು. ಹಿತಕಿದ ಬೇಳೆಯನ್ನು ಒಯ್ಯುವಾಗ ಎಚ್ಚರ ಬೇಕು: ನೀರಿನ ಪಸೆ ಉಳಿದರೆ ಹುಳಿ ವಾಸನೆ ಹಿಡಿಯುತ್ತದೆ. ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಒಣ ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಹೊರಡುವಾಗ ತೆಗೆದುಕೊಂಡೆ. ಜೊತೆಗೆ ಅರ್ಧ ಕಿಲೋ ಕಾಫಿಪುಡಿ ಮತ್ತು ಕಾಂಗ್ರೆಸ್ ಕಡಲೆಕಾಯಿ ಇದ್ದವು.

ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ ಮೌಶಿ, "ಇಷ್ಟೂ ಕಾಳು ನೀನ ಒಂದೊಂದ ಹಿಚುಕಿ ತಂದಿ ಏನವಾ?" ಎಂದು ನನ್ನ ಬೆರಳುಗಳನ್ನು ಹಿಡಿದು ನೋಡಿದರು. ಅಂದು ರಾತ್ರಿ ಅವರ ಸೊಸೆ ಒಲೆಯ ಮುಂದಿನ ಜಾಗವನ್ನು ನನಗೆ ಬಿಟ್ಟುಕೊಟ್ಟಳು. ಹಿತಕಿದ ಬೇಳೆಯ ಸಾರಿಗೆ ನಮ್ಮ ಕಡೆ ಮುದ್ದೆ, ಅಲ್ಲಿ ರೊಟ್ಟಿ. ಹೋದ ಮನೆಯಲ್ಲಿ ಒಂದು ಹೊತ್ತಿನ ಅಡುಗೆ ನಾನು ಮಾಡುತ್ತೇನೆಂದು ಮೊದಲೇ ಹೇಳಿಬಿಡುವುದು ನಾನು ಇಟ್ಟುಕೊಂಡ ನಿಯಮ. ಮನೆಯಾಕೆಗೆ ಅದರಿಂದ ಬಿಡುವು ಸಿಗುತ್ತದೆ, ನನಗೆ ಅವಳ ಅಡುಗೆಮನೆಯ ಪರಿಚಯವಾಗುತ್ತದೆ. ನಡುಮನೆಯಲ್ಲಿ ಸೋಫಾದ ಮೇಲೆ ಕೂತು ಆಡುವ ಮಾತು ಅರ್ಧ ಗಂಟೆಗೆ ತೀರುತ್ತದೆ. ಒಲೆಯ ಮುಂದೆ ನಿಂತು ಆಡುವ ಮಾತಿಗೆ ಕೊನೆಯಿರುವುದಿಲ್ಲ.

ಮರುದಿನ ಬೆಳಿಗ್ಗೆ ಮೌಶಿಯೇ ನನಗೆ ರೊಟ್ಟಿ ಬಡಿಯಲು ಕಲಿಸಿದರು. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಹಿಡಿದುಕೊಳ್ಳುವ ಅಂಟಿನ ಗುಣವಿಲ್ಲ. ಕುದಿಯುವ ನೀರು ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರಷ್ಟೇ ಅದು ಒಡೆಯದೆ ಅಗಲವಾಗುತ್ತದೆ. ಹಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ತಿರುವಬೇಕು. ನನ್ನ ಮೂರನೆಯ ರೊಟ್ಟಿ ಉಬ್ಬಿತು. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು ಇವುಗಳ ನಡುವೆ ಆ ಬಿಸಿ ರೊಟ್ಟಿಯನ್ನು ತಿಂದದ್ದು ನನಗೆ ಯಾವ ಹೋಟೆಲಿನ ಊಟದಲ್ಲೂ ಸಿಗದ ಸುಖ. ನಮ್ಮವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರು ಅನ್ನ ಬಿಟ್ಟು ಎರಡು ರೊಟ್ಟಿಗೆ ನಿಲ್ಲಿಸಿದರು. ಸಂಜೆ ಸಾಧನಕೇರಿಯ ಕೆರೆಯ ಬಳಿ ಸುತ್ತಾಡಿ, ಲೈನ್ ಬಜಾರಿನಲ್ಲಿ ಪೇಢೆ ಕೊಂಡೆವು. ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಪ್ಲೇಗಿನ ಕಾಲದಲ್ಲಿ ಬಂದು ನೆಲೆಸಿದ ಠಾಕೂರ್ ಮನೆತನದವರು ಆರಂಭಿಸಿದ ಸಿಹಿ ಇದು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು ಮಾಡುವುದರಿಂದ ಬೇಗ ಕೆಡುವುದಿಲ್ಲ, ಪ್ರಯಾಣದಲ್ಲಿ ಒಯ್ಯಲು ಇದಕ್ಕಿಂತ ಒಳ್ಳೆಯ ಸಿಹಿ ನನಗೆ ತಿಳಿಯದು.

ಬಾದಾಮಿಗೆ ಹೋಗುವುದೆಂದು ನಾವು ನಿಶ್ಚಯಿಸಿದ್ದರೂ, ಹೇಗೆ ಹೋಗಬೇಕೆಂಬುದನ್ನು ಹೇಳಿದವರು ಮೌಶಿ. ಬನಶಂಕರಿ ಅವರ ಮನೆದೇವರು. ಬನದ ಹುಣ್ಣಿಮೆ ಆ ವರ್ಷ ಜನವರಿ 25ಕ್ಕೆ ಬಂದಿತ್ತು. ಜಾತ್ರೆಯ ದಿನದ ನೂಕುನುಗ್ಗಲಿನಲ್ಲಿ ನೀವು ಹೋಗಬೇಡಿ, ಹುಣ್ಣಿಮೆ ಕಳೆದು ಎರಡು ದಿನ ಬಿಟ್ಟು ಹೋಗಿ. ಜಾತ್ರೆಯ ಅಂಗಡಿಗಳು, ನಾಟಕ ಕಂಪನಿಗಳು ಇನ್ನೂ ಇರುತ್ತವೆ, ದರ್ಶನವೂ ಸಲೀಸಾಗುತ್ತದೆ ಎಂದರು. ತಮಗಾಗಿ ದೇವಿಯ ಕುಂಕುಮ ತರಲು ಒಂದು ಸಣ್ಣ ಡಬ್ಬಿಯನ್ನೂ ಕೊಟ್ಟರು. 2019ರಲ್ಲಿ ಅದೇ ಬಾದಾಮಿಯನ್ನು ಎರಡು ಗಂಟೆಯಲ್ಲಿ ಮುಗಿಸಿದ್ದ ನಾವು ಈ ಸಲ ಆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಮೂರು ದಿನ ಅಲ್ಲಿದ್ದೆವು.

ಬನಶಂಕರಿ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್. ಗುಡಿಯ ಮುಂದಿನ ಹರಿದ್ರಾ ತೀರ್ಥದ ಸುತ್ತ ಕಲ್ಲಿನ ಮಂಟಪಗಳ ಸಾಲು. ಶಾಕಂಬರಿಯೆಂದು ಕರೆಸಿಕೊಳ್ಳುವ ಈ ದೇವಿಗೆ ಜಾತ್ರೆಯ ಮುನ್ನಾದಿನ ಪಲ್ಯದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಯಗಳನ್ನು ಅರ್ಪಿಸುತ್ತಾರೆ. ಗುಡಿಯ ಆವರಣದಲ್ಲಿ ಮರದ ನೆರಳಿಗೆ ಹತ್ತಿರದ ಹಳ್ಳಿಗಳ ಹೆಂಗಸರು ಬುಟ್ಟಿಗಳಲ್ಲಿ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಗಳಲ್ಲಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಒಬ್ಬ ಅಜ್ಜಿಯ ಬುಟ್ಟಿಯ ಮುಂದೆ ನೆಲದ ಮೇಲೆ ಕೂತು ಇಬ್ಬರೂ ಊಟ ಮಾಡಿದೆವು. ಹಿಂದಿನ ದಿನವಷ್ಟೇ ರೊಟ್ಟಿ ಬಡಿಯಲು ಕಲಿತಿದ್ದರಿಂದ, ಕಾಗದದಷ್ಟು ತೆಳ್ಳಗಿದ್ದ ಆ ರೊಟ್ಟಿಯನ್ನು ಬಡಿದ ಕೈಯ ಹದ ಎಂಥದೆಂಬುದು ನನಗೆ ಅರ್ಥವಾಯಿತು.

ಬಾದಾಮಿಯ ಗುಹೆಗಳನ್ನು ನಮ್ಮವರ ಮನಸ್ಸಿನಂತೆ ಒಂದಿಡೀ ಬೆಳಿಗ್ಗೆ ನೋಡಿದೆವು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಅವರು ಯಾವ ಕೈ ಯಾವ ಕೈಯೊಡನೆ ಜೊತೆಯಾಗುತ್ತದೆ ಎಂದು ಎಣಿಸುತ್ತ ನಿಂತರು. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಳೇಶ ಬರೆಸಿದ, 578ನೆಯ ಇಸವಿಯ ಶಾಸನವಿದೆ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿಯಬಾರದು, ಕೋತಿಗಳು ಕಿತ್ತುಕೊಳ್ಳುತ್ತವೆ. ಶುಕ್ರವಾರ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ರಜೆ, ಆದ್ದರಿಂದ ವಾರದ ಲೆಕ್ಕ ಹಾಕಿ ಹೊರಡುವುದು ಒಳ್ಳೆಯದು. ಸಂಜೆ ಅಗಸ್ತ್ಯ ತೀರ್ಥದ ಆಚೆ ದಂಡೆಯ ಭೂತನಾಥ ಗುಡಿಯ ಮೆಟ್ಟಿಲ ಮೇಲೆ, ಇಳಿಬಿಸಿಲಿಗೆ ಬಂಡೆಗಳು ಕೆಂಪಾಗುವವರೆಗೆ ಕೂತಿದ್ದೆವು.

ಪಟ್ಟದಕಲ್ಲಿಗೆ ಇನ್ನೊಂದು ಬೆಳಿಗ್ಗೆ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಗುಡಿಗಳಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಎಂಟನೆಯ ಶತಮಾನದಲ್ಲಿ ತನ್ನ ಪತಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಒಂದರ ಪಕ್ಕ ಒಂದು ನಿಂತಿರುವ ಎರಡೂ ಗುಡಿಗಳ ನಡುವೆ ನಿಂತಾಗ ನಮ್ಮವರು ಸುಮ್ಮನಾದರು. ಆಮೇಲೆ ಹೇಳಿದರು: ಅವ್ವನ ಮನೆ, ಮೌಶಿಯ ಮನೆ ಹೀಗೇ ಒಂದೇ ಓಣಿಯಲ್ಲಿ ಅಕ್ಕಪಕ್ಕ ಇದ್ದವು, ಸಂಜೆ ಯಾವ ಮನೆಯಲ್ಲಿ ಊಟವೆಂದು ನನಗೆ ಗೊತ್ತೇ ಇರುತ್ತಿರಲಿಲ್ಲ. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಈ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು.

ಹಿಂದಿರುಗುವಾಗ ಮತ್ತೆ ಧಾರವಾಡಕ್ಕೆ ಹೋಗಿ ಕುಂಕುಮದ ಡಬ್ಬಿ ಕೊಟ್ಟು, ಮಧ್ಯಾಹ್ನದ ಊಟ ಮುಗಿಸಿ ಹೊರಟೆವು. ಮೌಶಿ ನನಗೆ ಉಡಿ ತುಂಬಿದರು. ನಮ್ಮ ಕಡೆ ಮಡಿಲು ತುಂಬುವುದೆನ್ನುವ ಈ ಶಾಸ್ತ್ರವನ್ನು ಅವರು ರವಿಕೆ ಕಣದ ಜೊತೆ, ದಾರಿಗೆಂದು ಒಂದು ಕಟ್ಟು ಖಡಕ್ ರೊಟ್ಟಿಯನ್ನೂ ಇಟ್ಟು ಮುಗಿಸಿದರು. ಆ ರೊಟ್ಟಿ ಬೆಂಗಳೂರಿನಲ್ಲಿ ನಮಗೆ ಹದಿನೈದು ದಿನ ಬಂತು.

ಹಾಸನದ ಪ್ರವಾಸದಲ್ಲಿ ಒಂದು ತಪ್ಪು ನಡೆಯಿತು, ಅದನ್ನು ಬರೆಯಲೇಬೇಕು. ಅಲ್ಲಿ ನನ್ನ ಕಾಲೇಜಿನ ಗೆಳತಿ ಇದ್ದಾಳೆ, ನಿವೃತ್ತ ಶಿಕ್ಷಕಿ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿ ಬಂದ ಮೇಲೆ ನಮ್ಮವರಿಗೆ ಬೇಲೂರು, ಹಳೇಬೀಡುಗಳನ್ನು ಮತ್ತೊಮ್ಮೆ ನೋಡುವ ಆಸೆಯಾಯಿತು. ಗೆಳತಿ, "ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡ ಕಣೇ, ಬಿಸಿಲಿದೆ" ಎಂದು ಹೇಳಿದರೂ ಕೇಳದೆ ಬೆಳಿಗ್ಗೆ ಬೇಲೂರು, ಅಲ್ಲಿಂದ ನೇರ ಹಳೇಬೀಡು ಎಂದು ಹೊರಟೆವು. ಬೇಲೂರಿನಲ್ಲಿ 1117ರ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಒಬ್ಬೊಬ್ಬರಾಗಿ ನೋಡುವಷ್ಟರಲ್ಲಿ ಹೊತ್ತಾಯಿತು. ಅಗೆದಾಗ ಮೃದುವಾಗಿದ್ದು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಕೆತ್ತಿದ್ದರಿಂದಲೇ ಅಷ್ಟು ಸೂಕ್ಷ್ಮವಾದ ಸರ, ಬಳೆಗಳು ಸಾಧ್ಯವಾದವೆಂದು ನಮ್ಮವರು ವಿವರಿಸುತ್ತಿದ್ದರು. ಊಟವನ್ನು ಹಳೇಬೀಡಿನಲ್ಲಿ ಮಾಡೋಣವೆಂದುಕೊಂಡೆವು. ಹೊಯ್ಸಳೇಶ್ವರ ಗುಡಿಯ ಸುತ್ತಲಿನ ಎತ್ತರದ ಜಗತಿಯ ಮೇಲೆ ಆನೆಗಳ ಸಾಲನ್ನು ನೋಡುತ್ತ ಅರ್ಧ ಸುತ್ತು ಬಂದಿರಬಹುದು, ಅವರ ಮಾತು ತೊದಲಿತು. ಕೈ ನಡುಗುತ್ತಿತ್ತು, ಹಣೆಯಲ್ಲಿ ತಣ್ಣನೆಯ ಬೆವರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಎರಡೇ ಇಡ್ಲಿ ತಿಂದಿದ್ದರು, ಆಗಲೇ ಎರಡೂವರೆ ಗಂಟೆ. ನೆರಳಿನಲ್ಲಿ ಕೂರಿಸಿ, ಚೀಲದಲ್ಲಿದ್ದ ಸಕ್ಕರೆಯನ್ನು ಮೂರು ಚಮಚದಷ್ಟು ನೀರಿಗೆ ಹಾಕಿ ಕುಡಿಸಿದೆ. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಆ ಮೇಲೆ ಬಾಳೆಹಣ್ಣು, ಬಿಸ್ಕತ್ತು ತಿನ್ನಿಸಿ, ಗುಡಿಯ ಉಳಿದರ್ಧವನ್ನು ಬಿಟ್ಟು ಆಟೋ ಹಿಡಿದು ಊಟದ ಜಾಗಕ್ಕೆ ಹೋದೆವು.

ಆ ದಿನದಿಂದ ಊಟದ ಹೊತ್ತನ್ನು ನಾನು ರೈಲಿನ ಹೊತ್ತಿನಷ್ಟೇ ಕಟ್ಟುನಿಟ್ಟಾಗಿ ನೋಡುತ್ತೇನೆ. ಸಕ್ಕರೆಯ ಪೊಟ್ಟಣ ಇಬ್ಬರ ಚೀಲದಲ್ಲೂ ಇರುತ್ತದೆ, ಒಂದು ಅವರ ಅಂಗಿಯ ಜೇಬಿನಲ್ಲಿಯೂ ಇರುತ್ತದೆ. ಮಾತ್ರೆಗಳ ಹೆಸರು ಮತ್ತು ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದು, ತಂಗುವ ಮನೆಯವರಿಗೂ ಒಂದು ಪ್ರತಿ ಕೊಡುತ್ತೇನೆ. ನೆಂಟರ ಮನೆಯಲ್ಲಿ ಕಾಯಿಲೆಯ ಮಾತು ಎತ್ತಲು ಅನೇಕರು ಸಂಕೋಚಪಡುತ್ತಾರೆ. ಹೇಳದೆ ಇದ್ದರೆ ಅವರು ಪ್ರೀತಿಯಿಂದ ಹೋಳಿಗೆಯ ಮೇಲೆ ಹೋಳಿಗೆ ಬಡಿಸುತ್ತಾರೆ, ಇವರು ದಾಕ್ಷಿಣ್ಯಕ್ಕೆ ತಿನ್ನುತ್ತಾರೆ. ಕಷ್ಟ ಎರಡೂ ಕಡೆಗೆ.

ಮರುದಿನ ಗೆಳತಿ ತಾನೇ ನಮ್ಮನ್ನು ದೊಡ್ಡಗದ್ದವಳ್ಳಿಗೆ ಕರೆದೊಯ್ದಳು. ಹನ್ನೆರಡನೆಯ ಶತಮಾನದ ಆರಂಭದ ಆ ಲಕ್ಷ್ಮೀದೇವಿ ಗುಡಿ ಬೇಲೂರಿನಷ್ಟು ಅಲಂಕಾರದ್ದಲ್ಲ. ಕೆರೆಯ ಪಕ್ಕದಲ್ಲಿ, ತೆಂಗಿನ ಮರಗಳ ನಡುವೆ, ನಾಲ್ಕು ಗರ್ಭಗುಡಿಗಳಿರುವ ಶಾಂತವಾದ ಜಾಗ. ಇದನ್ನು ಕಟ್ಟಿಸಿದವರು ರಾಜರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಹೋದಾಗ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಗೆಳತಿ ಬುತ್ತಿಯಲ್ಲಿ ತಂದಿದ್ದ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿಯನ್ನು ಸರಿಯಾಗಿ ಒಂದು ಗಂಟೆಗೆ ಕೆರೆಯ ಏರಿಯ ಮೇಲೆ ಕೂತು ತಿಂದೆವು. ನಕ್ಷೆ ಹಿಡಿದು ಹೊರಟಿದ್ದರೆ ಈ ಗುಡಿಯ ಪಕ್ಕದಲ್ಲೇ ಹಾದು ಬೇಲೂರಿಗೆ ಹೋಗಿಬಿಡುತ್ತಿದ್ದೆವು.

ಉಡುಪಿಯ ತಂಗಿಯ ಮನೆಗೆ ಮೂರು ಸಲ ಹೋಗಿ ಬಂದಿದ್ದೇವೆ. ಯಶವಂತಪುರದಿಂದ ಹಗಲು ರೈಲಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ 57 ಸುರಂಗಗಳನ್ನು ದಾಟಿ ಮಂಗಳೂರು ತಲುಪಿ, ಅಲ್ಲಿಂದ ಬಸ್ಸು ಹಿಡಿಯುವುದು ನಮಗೆ ಇಷ್ಟ. 2021ರ ಜುಲೈಯಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಬಂದಿದೆ. ಮಳೆಗಾಲದ ಕೊನೆಯಲ್ಲಿ ಹೋದರೆ ಪತ್ರೊಡೆ, ಚಳಿಗಾಲದಲ್ಲಿ ಹೋದರೆ ಮಟ್ಟುಗುಳ್ಳ ಬದನೆಯ ಹುಳಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ, ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯದ ವಾರದಲ್ಲಿ ಮಾತ್ರ ಹೋಗುವುದಿಲ್ಲ. ಊರಿನ ಪ್ರತಿ ಮನೆಯೂ ನೆಂಟರಿಂದ ತುಂಬಿರುವಾಗ ತಂಗಿಗೆ ನಾವೂ ಹೊರೆಯಾಗಬಾರದು. ತಂಗಿಯ ಗಂಡ ನಮ್ಮವರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದಾಗ ನಾನು ಹೋಗಲಿಲ್ಲ. ಅಂದು ನಾವು ಅಕ್ಕತಂಗಿಯರು ಇಡೀ ದಿನ ಅಮ್ಮನ ಹಳೆಯ ಸೀರೆಗಳನ್ನು ಹರಡಿಕೊಂಡು ಕೂತಿದ್ದೆವು. ಜೊತೆಯಾಗಿ ಪ್ರವಾಸ ಹೋದವರು ಪ್ರತಿ ಗಂಟೆಯೂ ಜೊತೆಗೇ ಇರಬೇಕಾಗಿಲ್ಲವೆಂಬುದನ್ನು ನಾನು ಬಹಳ ತಡವಾಗಿ ತಿಳಿದುಕೊಂಡೆ.

ಖರ್ಚಿಗೆಂದು ನಾವು ಅಂಚೆ ಕಚೇರಿಯಲ್ಲಿ ತಿಂಗಳಿಗೆ 3,000 ರೂಪಾಯಿಯ ಆವರ್ತಕ ಠೇವಣಿ ಇಟ್ಟಿದ್ದೆವು. ಈಗ ಅದೇ ಮೊತ್ತವನ್ನು ಬೇರೆ ಖಾತೆಯಲ್ಲಿ ತೆಗೆದಿಡುತ್ತೇವೆ, ವರ್ಷಕ್ಕೆ ಎರಡು ಪ್ರವಾಸಗಳಿಗೆ ಅದು ಸಾಕಾಗುತ್ತದೆ. ಪ್ರತಿ ಪ್ರವಾಸದ ಲೆಕ್ಕವನ್ನು ವಿಳಾಸದ ಪುಸ್ತಕದ ಹಿಂಬದಿಯಿಂದ ಬರೆಯುತ್ತ ಬಂದಿದ್ದೇನೆ. ಮುಂಬದಿಯಲ್ಲಿ ಪ್ರತಿ ಮನೆಯ ವಿಳಾಸದ ಕೆಳಗೆ ಹೋದ ದಿನ, ಅಲ್ಲಿ ತಿಂದದ್ದು, ಮನೆಯವರು ತೋರಿಸಿದ ಜಾಗ, ಮುಂದಿನ ಸಲ ಒಯ್ಯಬೇಕಾದದ್ದು ಇವನ್ನು ಎರಡು ಸಾಲಿನಲ್ಲಿ ಬರೆದಿರುತ್ತೇನೆ. ಮೌಶಿಯ ಹೆಸರಿನ ಕೆಳಗೆ 2024ರ ಜನವರಿಯ ಸಾಲಿನ ಕೊನೆಯಲ್ಲಿ "ಅವರೆ ಸೊಗಡು ಬೆಂಗಳೂರಿಗೇ ಬಂದು ತಿನ್ನಬೇಕಂತೆ" ಎಂದಿದೆ.

ಈ ಬರುವ ಜನವರಿಯಲ್ಲಿ ಅವರು ಮಗ ಸೊಸೆಯೊಂದಿಗೆ ನಮ್ಮ ಮನೆಗೆ ಬರುತ್ತಿದ್ದಾರೆ. ಪರೀಕ್ಷೆ, ಆಸ್ಪತ್ರೆ, ಬೇರೆ ನೆಂಟರು, ಈ ಮೂರನ್ನೂ ಈ ಸಲ ಅವರ ಸೊಸೆ ನನ್ನನ್ನು ಕೇಳಿದಳು. ಮೌಶಿ ಮಲಗುವುದು ನಡುಮನೆಯ ಪಕ್ಕದ ಕೋಣೆಯಲ್ಲಿ, ಬಚ್ಚಲಿಗೆ ಹತ್ತಿರವೆಂದು. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇವೆ. ಅವರಿಗೆ ಆರೇಳು ಗಂಟೆ ಕೂತು ಬರುವುದು ಆಗದು, ಮಲಗಿಕೊಂಡು ಬರುವಂತಿರಲೆಂದು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಆರಿಸಿದೆವು. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನಕ್ಕಷ್ಟೇ ತೆರೆಯುವುದರಿಂದ ನಮ್ಮವರು ಆ ದಿನ ಬೆಳಿಗ್ಗೆ 8 ಗಂಟೆಗೆ ಮೊದಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಮೌಶಿಗೆ ಕೆಳಗಿನ ಬರ್ತ್ ಸಿಕ್ಕಿದೆ.